ತಂಬೂರಿಯೊಳಗೆ ನುಸುಳಿದ ಗದ್ದಲ

ಪುಟಾಣಿಗಳೇ, ಹಾಡು ಕೇಳಲೆಂದು ನಮ್ಮ ಮನೆಯಲ್ಲೊಂದು ಅಂಗೈಯಗಲದ ಕಂಪ್ಯೂಟರ್ ಇದೆ. ಅದರ ಅಡಾಪ್ಟರ್ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ತುಂಡರಿಸುತ್ತದೆ. ಆ ಗದ್ದಲ ಕೆಲವೊಮ್ಮೆ ತಂಬೂರಿಯ ನಾದದೊಳಗೂ ನುಸುಳುತ್ತದೆ. ಅದಕ್ಕೇ ಮೊಮ್ಮಗಳೂ ನಾನೂ ಹಳೇ ಕ್ರಮದ ಲೀನಿಯರ್ ಪವರ್ ಸಪ್ಲೈ ಕಟ್ಟಿದೆವು.

ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 9ಕ್ಕೆ ಇಳಿಸುತ್ತದೆ. ಹಿಂದೆಮುಂದೆ ಓಡುವ ವಿದ್ಯುತ್ತನ್ನು 4 ಡಯೋಡ್‌ಗಳು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಕೆಪಾಸಿಟರ್ ಮಾಳಿಗೆಯ ನೀರಿನ ಟ್ಯಾಂಕಿನಂತೆ ತುಂಬಿಕೊಂಡು ಸಮನಾಗಿ ಹರಿಸುತ್ತದೆ. ಕೊನೆಗೆ ರೆಗ್ಯುಲೇಟರ್ 5 ವೋಲ್ಟ್ ಮಾತ್ರ ಬಿಟ್ಟು, ಮಿಕ್ಕಿದ್ದನ್ನು ಬಿಸಿಯಾಗಿ ಕಳೆಯುತ್ತದೆ.

“ಅಜ್ಜಾ, ಕರೆಂಟ್ ದಂಡ ಅಲ್ವಾ?” ಅಂದಳು ಮೊಮ್ಮಗಳು. ಹೌದು, ನಿಶ್ಶಬ್ದಕ್ಕೆ ತೆರುವ ಬೆಲೆ ಅದು.

ನೆನಪಿಡಿ: 230 ವೋಲ್ಟಿನ ಕೆಲಸ ಬಲ್ಲ ಹಿರಿಯರದ್ದು, ಮಕ್ಕಳದ್ದಲ್ಲ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್ ಸ್ವಲ್ಪ ಹೊತ್ತು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ.