ಕಣ್ಣಾಡಿಸಿದರೆ ಮನದ ಗಾಯ ಮಾಯುವುದೇ?

2018ರ ಡಿಸೆಂಬರ್ 14ರಂದು ಹನೂರು ಸೀಮೆಯ ಸುಳ್ವಾಡಿಯಲ್ಲಿ, ಕಿಚ್‌ಗುತ್ತಿ ಮಾರಮ್ಮನ ಗುಡಿಯ ಪ್ರಸಾದ ತಿಂದವರಲ್ಲಿ 17 ಮಂದಿ ಪ್ರಾಣ ಬಿಟ್ಟರು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಪ್ರಸಾದಕ್ಕೆ ಕೀಟನಾಶಕ ಬೆರೆಸಲಾಗಿತ್ತು. ಹೊಟ್ಟೆಗೆ ಹೋದ ವಿಷವನ್ನು ವೈದ್ಯರು ಇಳಿಸಿಯಾರು. ಆದರೆ ಕಣ್ಣೆದುರಿಗೇ ಹೆತ್ತವರು ಒದ್ದಾಡುವುದನ್ನು ಕಂಡ ಮಗುವಿನ ಮನಸ್ಸಿಗೆ ಇಳಿದದ್ದನ್ನು ಇಳಿಸುವವರು ಯಾರು?

ಇನ್ನೊಂದು ಬಗೆಯ ಮಗುವನ್ನೂ ಊಹಿಸಿಕೊಳ್ಳಿ. ಯಳಂದೂರು ತಾಲ್ಲೂಕಿನ ಅಗರದಂಥ ಒಂದು ಊರು. ಅಲ್ಲಿ ಏಳನೇ ತರಗತಿಯ ಒಬ್ಬ ಹುಡುಗಿ. ಅಪ್ಪ ದಿನಾ ರಾತ್ರಿ ಕುಡಿದು ಬಂದು ಅಮ್ಮನನ್ನು ಹೊಡೆಯುತ್ತಾನೆ. ಬಾಗಿಲ ಚಿಲಕದ ಸದ್ದಾದರೆ ಸಾಕು, ಹುಡುಗಿಯ ಎದೆ ಡವಗುಟ್ಟುತ್ತದೆ. ಪತ್ರಿಕೆಗಳಲ್ಲಿ ಬರುವಂಥ ದುರಂತ ಇವಳ ಬದುಕಿನಲ್ಲಿ ನಡೆದೇ ಇಲ್ಲ. ಆದರೂ ಇವಳಿಗಾದದ್ದು ಆಘಾತವೇ.

ಮನಸ್ಸಿನ ಆಘಾತಕ್ಕೆ ಈಚಿನ ವರ್ಷಗಳಲ್ಲಿ ‘ಇ.ಎಂ.ಡಿ.ಆರ್.’ ಎಂಬ ಚಿಕಿತ್ಸೆಯ ಹೆಸರು ಹೆಚ್ಚಾಗಿ ಕೇಳಿಬರುತ್ತಿದೆ. ನಾಲ್ಕಾರು ಭೇಟಿಗಳಲ್ಲೇ ಗುಣವಾಯಿತು ಎನ್ನುವವರಿದ್ದಾರೆ. ತಿಂಗಳುಗಟ್ಟಲೆ ಹೋದರೂ ಏನೂ ಆಗಲಿಲ್ಲ ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ಸುಳ್ಳಲ್ಲ.

ಏನಿದು ಚಿಕಿತ್ಸೆ?

ಐ ಮೂವ್‌ಮೆಂಟ್ ಡಿಸೆನ್ಸಿಟೈಸೇಷನ್ ಅಂಡ್ ರೀಪ್ರೋಸೆಸಿಂಗ್ ಎಂಬುದು ಇದರ ಪೂರ್ಣ ಹೆಸರು. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪಿರೊ ಅವರು ಉದ್ಯಾನವೊಂದರಲ್ಲಿ ನಡೆದುಹೋಗುತ್ತಿದ್ದಾಗ, ಕಣ್ಣುಗಳು ಅತ್ತಿತ್ತ ಬೇಗಬೇಗ ಚಲಿಸಿದಂತೆ ತಮ್ಮನ್ನು ಕಾಡುತ್ತಿದ್ದ ಯೋಚನೆಗಳ ಕಾವು ಇಳಿದುದನ್ನು ಗಮನಿಸಿದರಂತೆ. ಇದನ್ನೇ ಬೆಳೆಸಿ 1989ರಲ್ಲಿ ತಮ್ಮ ಮೊದಲ ಅಧ್ಯಯನ ಪ್ರಕಟಿಸಿದರು.

ಚಿಕಿತ್ಸೆಗೆ ಎಂಟು ಹಂತಗಳಿವೆ. ಮೊದಲು ಮಗುವಿನ ಹಿನ್ನೆಲೆ ತಿಳಿಯುವುದು, ಅನಂತರ ಮನಸ್ಸನ್ನು ಶಾಂತವಾಗಿಡುವ ಅಭ್ಯಾಸ ಕಲಿಸುವುದು. ಆಮೇಲಷ್ಟೇ ನೋವಿನ ನೆನಪಿಗೆ ಕೈಹಾಕುವುದು. ಮಗು ಆ ನೆನಪಿನ ಅತಿ ಕಷ್ಟದ ಚಿತ್ರವನ್ನು ಮನಸ್ಸಿಗೆ ತಂದುಕೊಂಡು, ಎಡಕ್ಕೂ ಬಲಕ್ಕೂ ಆಡುವ ಚಿಕಿತ್ಸಕರ ಬೆರಳನ್ನು ಕಣ್ಣಿನಿಂದ ಹಿಂಬಾಲಿಸುತ್ತದೆ. ಚಿಕ್ಕ ಮಕ್ಕಳಾದರೆ ಕೈಗಳ ಮೇಲೋ ಮಂಡಿಯ ಮೇಲೋ ಒಂದಾದ ಮೇಲೊಂದರಂತೆ ಮೆಲ್ಲಗೆ ತಟ್ಟುವುದೂ ಉಂಟು. ಇದು ಸಮ್ಮೋಹಿನಿ ವಿದ್ಯೆಯಲ್ಲ. ಮಗು ಪೂರ್ತಿ ಎಚ್ಚರವಾಗಿರುತ್ತದೆ, ಬೇಡವೆನಿಸಿದಾಗ ನಿಲ್ಲಿಸಬಹುದು.

ಇದು ಹೇಗೆ ಕೆಲಸ ಮಾಡುತ್ತದೆ? ಹದಿನೇಳರ ಮಗ್ಗಿಯನ್ನು ಹಿಂದಿನಿಂದ ಮುಂದಕ್ಕೆ ಹೇಳುತ್ತಾ ಜಗಳವೊಂದನ್ನು ನೆನೆಸಿಕೊಳ್ಳಲು ಪ್ರಯತ್ನಿಸಿ. ನೆನಪು ಮಸುಕಾಗುತ್ತದೆ. ಮನಸ್ಸು ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳಬಲ್ಲದ್ದು ಸ್ವಲ್ಪವೇ. ಕಣ್ಣು ಬೆರಳನ್ನು ಹಿಂಬಾಲಿಸುವಾಗ ನೆನಪಿನ ತೀವ್ರತೆ ಕುಗ್ಗಿ, ಹಾಗೆ ಕುಗ್ಗಿದ ರೂಪದಲ್ಲೇ ಅದು ಮತ್ತೆ ಒಳಗೆ ಸೇರುತ್ತದೆ ಎಂಬುದು ಹೆಚ್ಚು ಮಂದಿ ಒಪ್ಪುವ ವಿವರಣೆ. ಆದರೆ ಕಣ್ಣಾಡಿಸುವುದರಿಂದ ವಿಶೇಷ ಲಾಭವಿದೆಯೇ ಎಂಬ ಬಗ್ಗೆ ತಜ್ಞರಲ್ಲಿ ಜಗಳ ಮುಗಿದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2001ರ ವಿಶ್ಲೇಷಣೆ ‘ಇಲ್ಲ’ ಎಂದಿತು, 2013ರ ಇನ್ನೊಂದು ‘ಇದೆ’ ಎಂದಿತು.

ಎರಡು ಅಧ್ಯಯನ, ಎರಡು ಉತ್ತರ

2017ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು 8ರಿಂದ 18 ವರ್ಷದ 103 ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಎಲ್ಲರೂ ಅಪಘಾತ, ಹಲ್ಲೆಯಂಥ ಒಂದೇ ಒಂದು ಘಟನೆಯಿಂದ ನೊಂದವರು. ಹೆಚ್ಚೆಂದರೆ ಆರು ಭೇಟಿಗಳ ಇ.ಎಂ.ಡಿ.ಆರ್. ಪಡೆದ ಮಕ್ಕಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಕಾಯಿಲೆಯ ಲಕ್ಷಣಗಳು ಇಳಿದಿದ್ದವು. ನಡೆದುದನ್ನು ಬರೆಯಿಸಿ ಮಾಡುವ ಇನ್ನೊಂದು ಚಿಕಿತ್ಸೆಯೂ ಅಷ್ಟೇ ಫಲ ಕೊಟ್ಟಿತು.

2007ರ ಅಮೆರಿಕದ ಅಧ್ಯಯನದ ಕತೆ ಬೇರೆ. ಬೆಸೆಲ್ ವ್ಯಾನ್ ಡರ್ ಕೋಲ್ಕ್ ಮತ್ತು ಸಂಗಡಿಗರು 88 ವಯಸ್ಕರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಎಂಟು ವಾರ ಇ.ಎಂ.ಡಿ.ಆರ್., ಇನ್ನೊಂದಕ್ಕೆ ಫ್ಲುವಾಕ್ಸೆಟಿನ್ ಮಾತ್ರೆ, ಮತ್ತೊಂದಕ್ಕೆ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟರು. ಆರು ತಿಂಗಳ ಬಳಿಕ ನೋಡಿದಾಗ, ಇ.ಎಂ.ಡಿ.ಆರ್. ಪಡೆದವರ ಪೈಕಿ ದೊಡ್ಡವರಾದ ಮೇಲೆ ಆಘಾತಕ್ಕೊಳಗಾದವರಲ್ಲಿ ಶೇ. 75 ಮಂದಿ ಲಕ್ಷಣಗಳಿಂದ ಪೂರ್ತಿ ಮುಕ್ತರಾಗಿದ್ದರು. ಬಾಲ್ಯದಲ್ಲೇ ಆಘಾತಕ್ಕೊಳಗಾದವರಲ್ಲಿ ಹಾಗಾದವರು ಶೇ. 33 ಮಾತ್ರ. ಮಾತ್ರೆಯ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ.

ಒಂದೇ ಚಿಕಿತ್ಸೆ, ಒಂದೇ ಅವಧಿ. ಫಲದಲ್ಲಿ ಮಾತ್ರ ಇಷ್ಟೊಂದು ಅಂತರ.

ಏಕೆ ಹೀಗೆ?

ಕಾಲಿಗೆ ಚುಚ್ಚಿದ ಮುಳ್ಳನ್ನು ಸೂಜಿಯಿಂದ ತೆಗೆಯಬಹುದು. ಆದರೆ ಸಸಿಯಾಗಿದ್ದಾಗಿನಿಂದಲೂ ಬಂಡೆಯಡಿಯಲ್ಲಿ ಬೆಳೆದ ಗಿಡ ಸೊಟ್ಟಗಾಗಿಯೇ ಬೆಳೆದಿರುತ್ತದೆ. ಬಂಡೆ ಸರಿಸಿದ ದಿನವೇ ಅದು ನೆಟ್ಟಗಾಗದು. ವರ್ಷಗಟ್ಟಲೆ ಹೆದರಿಕೆಯಲ್ಲಿ ಬೆಳೆದ ಮಗುವಿಗೆ ಕಾಡುವುದು ಒಂದು ನೆನಪಲ್ಲ. ಯಾರನ್ನೂ ನಂಬಲಾರದ ಗುಣ, ‘ನಾನೇ ಕೆಟ್ಟವಳು’ ಎಂಬ ಭಾವನೆ, ತಟ್ಟನೆ ಉಕ್ಕುವ ಕೋಪ ಅಥವಾ ಮರಗಟ್ಟಿದ ಮೌನ, ಇವೆಲ್ಲ ಸ್ವಭಾವದೊಳಗೇ ಬೆರೆತಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ, ಇಂಥದ್ದಕ್ಕೆ ಸಂಕೀರ್ಣ ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಬೇರೆಯೇ ಹೆಸರು ಸಿಕ್ಕಿತು.

ಎರಡನೆಯ ಕಾರಣ ಇನ್ನೂ ಸರಳ. ಸುಳ್ವಾಡಿಯ ದುರಂತ ಒಂದು ದಿನ ನಡೆದು ಮುಗಿಯಿತು. ಊಹಿಸಿಕೊಂಡ ಆ ಹುಡುಗಿಯ ಮನೆಯಲ್ಲಿ ಹೊಡೆತ ಇಂದು ರಾತ್ರಿಯೂ ಇದೆ. ಸೂರು ಸರಿಪಡಿಸದೆ ಸೋರುವ ಮನೆಯ ನೆಲ ಒರೆಸಿದರೆ ಏನು ಫಲ? ಮಗು ಸುರಕ್ಷಿತವಾಗುವವರೆಗೆ ಯಾವ ಚಿಕಿತ್ಸೆಯೂ ಪೂರ್ತಿ ಹಿಡಿಯುವುದಿಲ್ಲ. ಮೊದಲೆರಡು ಹಂತಗಳಿಗೆ ಇಂಥ ಮಕ್ಕಳಲ್ಲಿ ತಿಂಗಳುಗಳೇ ಬೇಕಾಗಬಹುದು. ಅವಸರದಿಂದ ನೆನಪನ್ನು ಕೆದಕಿದರೆ ಮಗು ಇನ್ನಷ್ಟು ಕಂಗೆಡುತ್ತದೆ.

ಆದ್ದರಿಂದಲೇ ಶಿಫಾರಸುಗಳೂ ಒಂದೇ ತೆರನಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಮಕ್ಕಳಿಗೂ ದೊಡ್ಡವರಿಗೂ ಇ.ಎಂ.ಡಿ.ಆರ್. ಆಗಬಹುದೆಂದಿತು. ಬ್ರಿಟನ್ನಿನ ‘ನೈಸ್’ ಸಂಸ್ಥೆ 2018ರಲ್ಲಿ ಮಕ್ಕಳ ಮಟ್ಟಿಗೆ ಎಚ್ಚರದ ಮಾತಾಡಿತು: ಮೊದಲು ಆಘಾತವನ್ನೇ ಗುರಿಯಾಗಿಸಿದ ಆಲೋಚನೆ-ವರ್ತನೆಯ ಚಿಕಿತ್ಸೆ, ಅದು ಒಗ್ಗದಿದ್ದರೆ ಮಾತ್ರ ಇ.ಎಂ.ಡಿ.ಆರ್.

ತಂದೆತಾಯಿ ತಿಳಿಯಬೇಕಾದ್ದು

ಚೆನ್ನಾಗಿ ಓದುತ್ತಿದ್ದ ಮಗು ಒಮ್ಮೆಲೇ ಹಿಂದೆ ಬಿದ್ದರೆ ‘ಸೋಮಾರಿ’ ಎಂದು ಬಯ್ಯುವ ಮುನ್ನ ಯೋಚಿಸಿ. ರಾತ್ರಿ ಬೆಚ್ಚಿಬೀಳುವುದು, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸುವುದು, ಒಂದು ಜಾಗ ಅಥವಾ ಒಬ್ಬ ವ್ಯಕ್ತಿಯನ್ನು ಕಂಡರೆ ಹಿಂಜರಿಯುವುದು, ಕಾರಣ ಸಿಗದ ಹೊಟ್ಟೆನೋವು, ಇವು ತಿಂಗಳು ದಾಟಿದರೆ ವೈದ್ಯರಿಗೆ ತೋರಿಸಬೇಕು. ದೃಷ್ಟಿ ತೆಗೆಸಿ ಸುಮ್ಮನಾದರೆ ಸಾಲದು.

ಅಗರದಂಥ ಊರಿನವರು ಎಲ್ಲಿಗೆ ಹೋಗಬೇಕು? ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್‌ಗೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ. ಮಗುವಿಗೆ ಹಿಂಸೆಯಾಗುತ್ತಿದ್ದರೆ 1098ಕ್ಕೆ ತಿಳಿಸಿ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯಿದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ.

ಇ.ಎಂ.ಡಿ.ಆರ್. ಮಾಡುತ್ತೇವೆ ಎನ್ನುವವರನ್ನು ಮೂರು ಪ್ರಶ್ನೆ ಕೇಳಿ. ಮನೋವೈದ್ಯಕೀಯ ಅಥವಾ ಮನಶ್ಶಾಸ್ತ್ರದಲ್ಲಿ ಏನು ಓದಿದ್ದೀರಿ? ಈ ಚಿಕಿತ್ಸೆಯಲ್ಲಿ, ಅದರಲ್ಲೂ ಮಕ್ಕಳ ವಿಷಯದಲ್ಲಿ, ತರಬೇತಿ ಪಡೆದಿದ್ದೀರಾ? ಫಲ ಕಾಣದಿದ್ದರೆ ಮುಂದೇನು? ಇಂತಿಷ್ಟೇ ಭೇಟಿಗಳಲ್ಲಿ ಖಂಡಿತ ಗುಣ ಎಂದು ಮಾತು ಕೊಡುವವರಿಂದ ದೂರವಿರಿ. ವಿಡಿಯೊ ನೋಡಿಕೊಂಡು ಮನೆಯಲ್ಲೇ ಪ್ರಯೋಗ ಮಾಡುವುದಂತೂ ಬೇಡವೇ ಬೇಡ.

ವಿದ್ಯಾರ್ಥಿಗಳೂ ಒಂದು ಮಾತು ನೆನಪಿಡಬೇಕು. ಗೆಳತಿಯೊಬ್ಬಳಿಗೆ ಆರೇ ವಾರದಲ್ಲಿ ಹಗುರವಾದದ್ದು ನಿಮಗೆ ಆರು ತಿಂಗಳಾದರೂ ಆಗದಿರಬಹುದು. ಅದು ನಿಮ್ಮ ದೌರ್ಬಲ್ಯವಲ್ಲ, ಗಾಯದ ಬಗೆಯೇ ಬೇರೆ. ಫಲ ಕಾಣುತ್ತಿಲ್ಲವೆಂದು ಚಿಕಿತ್ಸಕರಿಗೆ ಬಾಯಿಬಿಟ್ಟು ಹೇಳಿ. ಬೇರೆ ದಾರಿಗಳಿವೆ.

ಹೆತ್ತವರು ಮಾಡಬಹುದಾದ ದೊಡ್ಡ ತಪ್ಪು ಚಿಕಿತ್ಸೆ ಸೋತಾಗ ಮಗುವೇ ಸೋತಿತೆಂದು ತಿಳಿಯುವುದು. ‘ಇಷ್ಟು ದುಡ್ಡು ಸುರಿದರೂ ನೀನು ಸರಿಹೋಗಲಿಲ್ಲ’ ಎಂಬ ಒಂದು ಮಾತು ಹಳೆಯ ಗಾಯದ ಮೇಲೆ ಹೊಸ ಬರೆ. ಮಗು ಹೇಳಿದ್ದನ್ನು ನಂಬುವುದು, ಮನೆಯಲ್ಲಿ ಕೈಯೆತ್ತುವುದನ್ನು ನಿಲ್ಲಿಸುವುದು, ಹೊತ್ತಿಗೆ ಊಟ, ನಿದ್ದೆ, ಶಾಲೆ ತಪ್ಪದಂತೆ ನೋಡಿಕೊಳ್ಳುವುದು ಬೆಂಗಳೂರಿಗೆ ಹೋಗಿ ತರಬೇಕಾದ ಔಷಧಗಳಲ್ಲ. ಮಿಕ್ಕ ಚಿಕಿತ್ಸೆಯೆಲ್ಲ ನಿಲ್ಲಬೇಕಾದದ್ದು ಇವುಗಳ ಮೇಲೆಯೇ.