ನಾವಿಬ್ಬರು, ಒಂದು ದಿನ, ಒಂದು ಪುಟ್ಟ ರಾಜಧಾನಿ

ಯೂರೋಪಿನ ಪ್ರವಾಸವೆಂದರೆ ನಮ್ಮ ಕನ್ನಡ ಕುಟುಂಬಗಳಲ್ಲಿ ಪ್ಯಾರಿಸ್, ರೋಮ್, ಸ್ವಿಟ್ಜರ್ಲೆಂಡ್‌ಗಳ ಹೆಸರೇ ಮೊದಲು ಕೇಳಿಬರುತ್ತದೆ. ಈ ಬಾರಿ ನಾವು ದಂಪತಿಗಳು, ಮಗಳನ್ನು ಸ್ನೇಹಿತರ ಮನೆಯಲ್ಲಿ ಬಿಟ್ಟು, ಮ್ಯೂನಿಕ್‌ನಿಂದ ಸುಮಾರು ಆರು ಗಂಟೆಗಳ ರೈಲು ಪಯಣ ಮಾಡಿ ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾಕ್ಕೆ ಹೋಗಿದ್ದೆವು. ಊರು ನೋಡಿದ್ದು ಒಂದೇ ದಿನ. ವಿನೋದಕ್ಕೆಂದು ಹೋದವರು ನಮ್ಮ ಕನ್ನಡದ ಬಗ್ಗೆ ಯೋಚಿಸುತ್ತ ಹಿಂದಿರುಗಿದೆವು.

ಸುಮಾರು ಮೂರು ಲಕ್ಷ ಜನರ ಊರು. ಹಳೆಯ ಪೇಟೆಯೊಳಗೆ ಕಾರುಗಳ ಗದ್ದಲವಿಲ್ಲ. ಲ್ಯುಬ್ಲಿಯಾನಿತ್ಸಾ ನದಿಯ ದಡದಲ್ಲಿ ನಡೆಯುತ್ತಲೇ ಎಲ್ಲವನ್ನೂ ನೋಡಬಹುದು. 1901ರಲ್ಲಿ ತೆರೆದ ಡ್ರ್ಯಾಗನ್ ಸೇತುವೆಯ ನಾಲ್ಕು ಮೂಲೆಗಳಲ್ಲಿ ರೆಕ್ಕೆ ಬಿಚ್ಚಿದ ಹಸಿರು ಡ್ರ್ಯಾಗನ್‌ಗಳು ಕುಳಿತಿವೆ. ಊರಿನವರು ಅದನ್ನು ತಮಾಷೆಗೆ ‘ಅತ್ತೆ’ ಎಂದು ಕರೆಯುತ್ತಾರೆ. ಯಾರ ಅತ್ತೆ ಎಂಬ ಚರ್ಚೆ ಸೇತುವೆ ದಾಟುವವರೆಗೂ ನಮ್ಮ ನಡುವೆ ನಡೆದು, ಇತ್ಯರ್ಥವಾಗದೆ ಉಳಿಯಿತು. ಕೋಟೆಯ ಗುಡ್ಡಕ್ಕೆ ರೈಲುಡಬ್ಬಿಯ ಸೌಕರ್ಯವಿದ್ದರೂ ನಮ್ಮಲ್ಲೊಬ್ಬರ ಹಟದಿಂದ ನಡೆದೇ ಹತ್ತಿದೆವು; ಇನ್ನೊಬ್ಬರ ಮಂಡಿ ಅದನ್ನಿನ್ನೂ ಮರೆತಿಲ್ಲ.

ಊರಿನ ಮುಖ್ಯ ಚೌಕದಲ್ಲಿ ಎತ್ತರದ ಪೀಠದ ಮೇಲೆ ನಿಂತಿರುವವನು ಕವಿ ಫ್ರಾಂತ್ಸೆ ಪ್ರೆಶೆರೆನ್. ಅವನು ತೀರಿಕೊಂಡ ಫೆಬ್ರವರಿ 8 ಇಡೀ ದೇಶಕ್ಕೆ ರಜಾದಿನ. ಅವನ ಕವಿತೆಯ ಒಂದು ಪದ್ಯವೇ ರಾಷ್ಟ್ರಗೀತೆ. ಕಾಫಿಗೆ ಹಣ ಕೊಟ್ಟಾಗ ಚಿಲ್ಲರೆಯಲ್ಲಿ ಬಂದ ಎರಡು ಯೂರೋ ನಾಣ್ಯದ ಮೇಲೂ ಅವನದೇ ಮುಖ. ಒಂದು ಯೂರೋ ನಾಣ್ಯದ ಮೇಲೆ ಮತ್ತೊಬ್ಬ ಬರಹಗಾರ, ಪ್ರಿಮೊಜ್ ತ್ರುಬಾರ್.

ಆ ಕಾಫಿ ಅಂಗಡಿಯಲ್ಲಿಯೇ ನಾವು ಕಲಿತ ನಾಲ್ಕು ಮಾತುಗಳನ್ನು ಪ್ರಯೋಗಿಸಲು ಹೋಗಿ, ‘ನಾವು’ ಎಂಬರ್ಥದಲ್ಲಿ ‘ಮಿ’ ಎಂದೆವು. ಕಾಫಿ ತಂದ ತರುಣಿ ನಗುತ್ತ, ಉಳಿದವರು ಎಲ್ಲಿ ಎಂದು ಕೇಳಿದಳು. ಇಬ್ಬರೇ ಇದ್ದರೆ ‘ಮಿದ್ವಾ’ ಎನ್ನಬೇಕಂತೆ. ಶಾಲೆಯ ಸಂಸ್ಕೃತ ತರಗತಿಯಲ್ಲಿ ನಮ್ಮನ್ನು ಕಾಡಿದ್ದ ದ್ವಿವಚನ ಅಲ್ಲಿ ಇಂದಿಗೂ ಬೀದಿಯ ಮಾತು!

ಆ ದೇಶದ ಜನಸಂಖ್ಯೆ ಸುಮಾರು 21 ಲಕ್ಷ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 4.37 ಕೋಟಿ. ಹಾಗಿದ್ದೂ ನಮ್ಮ ನುಡಿಗೆ ಉಳಿವಿಲ್ಲವೆಂದು ಕೊರಗುವವರು ನಾವು.

ಅವರಿಗೆ ತಮ್ಮದೇ ದೇಶವಿದೆ, ಪರದೇಶದಲ್ಲಿರುವ ನಮಗೆ ಅದು ಸಾಧ್ಯವೇ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಆ ದೇಶ ಸ್ವತಂತ್ರವಾದದ್ದು 1991ರಲ್ಲಿ. ಅದಕ್ಕೆ ಮುಂಚೆ ಶತಮಾನಗಳ ಕಾಲ ಅದು ಹ್ಯಾಬ್ಸ್‌ಬರ್ಗ್ ಅರಸರ ಆಳ್ವಿಕೆಯಲ್ಲಿತ್ತು. ಸ್ಲೊವೇನಿಯನ್ ಭಾಷೆಯ ಮೊದಲ ಅಚ್ಚಿನ ಪುಸ್ತಕಗಳು 1550ರಲ್ಲಿ ಹೊರಬಂದದ್ದು ನಾವಿರುವ ಈ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ. ಅವುಗಳನ್ನು ಬರೆದವನು, ಧರ್ಮದ ಕಾರಣಕ್ಕೆ ತಾಯ್ನಾಡು ತೊರೆದು ಬಂದಿದ್ದ ಅದೇ ತ್ರುಬಾರ್. ಆ ಎರಡು ಪುಸ್ತಕಗಳಲ್ಲಿ ಒಂದು, ಅಕ್ಷರ ಕಲಿಸುವ ಪುಸ್ತಕ.

ನಮ್ಮ ರಾಜ್ಯೋತ್ಸವ, ಯುಗಾದಿಗಳಲ್ಲಿ ಮಕ್ಕಳು ಇಂಪಾಗಿ ಹಾಡುತ್ತಾರೆ, ಕೈಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಚೀಟಿ ಹಿಡಿದು. ಆ ಚೀಟಿಗಳನ್ನು ಬರೆದುಕೊಟ್ಟವರಲ್ಲಿ ನಾವೂ ಇದ್ದೇವೆ. ವೇದಿಕೆಯ ಕನ್ನಡ ವರ್ಷಕ್ಕೆ ನಾಲ್ಕು ದಿನದ್ದು. ಓದಲು ಬಂದ ಕನ್ನಡ ಮಾತ್ರ ಮಕ್ಕಳ ಕೈಯಲ್ಲಿ, ನಾವಿಲ್ಲದಾಗಲೂ, ನಾಣ್ಯದಂತೆ ಚಲಾವಣೆಯಲ್ಲಿ ಉಳಿಯುತ್ತದೆಂಬುದು ನಮ್ಮ ಅಭಿಪ್ರಾಯ. ಸಂಘದ ಪ್ರತಿ ಕಾರ್ಯಕ್ರಮಕ್ಕೆ ಮುನ್ನ ಅರ್ಧ ಗಂಟೆಯನ್ನು ಅಕ್ಷರಾಭ್ಯಾಸಕ್ಕೆ ಮೀಸಲಿಡಬೇಕೆಂದು ಕೋರುತ್ತೇವೆ.

ಮರುದಿನ ಹಿಂದಿರುಗುವ ರೈಲಿನಿಂದ, ಡ್ರ್ಯಾಗನ್ನಿನ ಚಿತ್ರದೊಡನೆ, ಮಗಳಿಗೆ ಕನ್ನಡ ಲಿಪಿಯಲ್ಲಿ ಒಂದು ಸಾಲು ಕಳುಹಿಸಿದೆವು: ‘ಸಂಜೆ ಬರುತ್ತೇವೆ, ಪುಟ್ಟಿ.’ ಹತ್ತು ವರ್ಷದ ಅವಳು ಮನೆಯಲ್ಲಿ ಚೆನ್ನಾಗಿಯೇ ಕನ್ನಡ ಮಾತನಾಡುತ್ತಾಳೆ. ಕೂಡಲೇ ಫೋನ್ ಮಾಡಿದಳು: ‘ಅಮ್ಮಾ, ಏನು ಬರೆದಿದ್ದೀಯಾ? ಓದಿ ಹೇಳು.’

ಓದಿ ಹೇಳಿದೆವು. ಆ ವಾರದ ಶನಿವಾರದಿಂದ ನಮ್ಮ ಮನೆಯಲ್ಲಿ ‘ಅ, ಆ’ ಆರಂಭವಾಗಿದೆ. ಬಂದು ಸೇರುವ ಮಕ್ಕಳಿಗೆಲ್ಲ ಸ್ವಾಗತ.