ಕ್ರೀಸು ಬಿಟ್ಟವನು ಅವನು, ಕಳ್ಳ ನಾನಾ?

ತೋಟದ ಬಯಲಿನ ಕ್ರಿಕೆಟ್ ಕಥೆಗಳು, ಭಾಗ 6

ಮೊದಲನೇ ಫೋಟೋದಲ್ಲಿ ನೆಲದ ಮೇಲಿರೋ ಗ್ಲೌಸ್ ನಂದೇ. ಬಿದ್ದಿದ್ದಲ್ಲ, ಸಿಟ್ಟಿಗೆ ನಾನೇ ಎಸೆದಿದ್ದು.

ಹೋದ ಭಾನುವಾರ ತುರುವೇಕೆರೆ ಕಡೆ ಟೆನಿಸ್ ಬಾಲ್ ಮ್ಯಾಚು. ಎರಡು ಕಡೆ ತೆಂಗಿನ ಸಾಲೇ ಬೌಂಡರಿ. ಅವರಿಗೆ ಎರಡು ಓವರಿಗೆ ಹನ್ನೊಂದು ರನ್ ಬೇಕಿತ್ತು. ಬ್ಯಾಟ್ಸ್‌ಮನ್ ಬಾಲ್ ಬಿಟ್ಟ, ನನ್ನ ಕೈಗೆ ಬಂತು. ಅವನು ತಿರುಗಿಯೂ ನೋಡದೆ ಪಿಚ್ ತಟ್ಟೋಕೆ ಕ್ರೀಸು ಬಿಟ್ಟು ಹೊರಟ. ಇದು ಮೂರನೇ ಸಲ. ಮೊದಲೆರಡು ಸಲ ಗಮನಿಸಿದ್ದೆ. ಈ ಸಲ ಹಿಡಿದ ತಕ್ಷಣ ಎಸೆದೆ, ಸ್ಟಂಪ್ ಉರುಳ್ತು.

ಅಂಪೈರ್ ಬೆರಳೆತ್ತಿದ್ರು. ಗಲಾಟೆ ಶುರು. "ಇದೇನ್ ಆಟಾನಾ? ಕಳ್ಳಾಟ!" ಕೊನೆಗೆ ನಮ್ಮ ಕ್ಯಾಪ್ಟನ್ ಅಣ್ಣನೇ ಬಂದು "ಬಿಡೋ ಮಗಾ, ಊರಿಗೆ ಕೆಟ್ಟ ಹೆಸರು" ಅಂತ ಅಪೀಲು ವಾಪಸ್ ತಗೊಂಡ. ಮ್ಯಾಚ್ ಸೋತ್ವಿ. ಸೋತಿದ್ದಕ್ಕೆ ಬೇಜಾರಿಲ್ಲ, ಕಳ್ಳ ಅನ್ನಿಸಿಕೊಂಡಿದ್ದಕ್ಕೆ ಬೇಜಾರು.

ಇದೇ ಜಗಳ 2023ರ ಜುಲೈ 2ರಂದು ಲಾರ್ಡ್ಸ್‌ನಲ್ಲೂ ಆಗಿತ್ತು. ಕ್ಯಾಮರಾನ್ ಗ್ರೀನ್ ಹಾಕಿದ ಬೌನ್ಸರಿಗೆ ಬೇರ್‌ಸ್ಟೋ ತಲೆ ತಗ್ಗಿಸಿದ, ಆಮೇಲೆ ಕ್ರೀಸು ಬಿಟ್ಟು ಮುಂದೆ ನಡೆದ. ಅಲೆಕ್ಸ್ ಕ್ಯಾರಿ ಬಾಲ್ ಹಿಡಿದವನೇ ಸ್ಟಂಪಿಗೆ ಎಸೆದ. ಸ್ಕೋರ್‌ಕಾರ್ಡಿನಲ್ಲಿ ಅದು ಸ್ಟಂಪ್ಡ್. ಇಂಗ್ಲೆಂಡ್ ಅಭಿಮಾನಿಗಳೆಲ್ಲ ಸಿಟ್ಟಾದ್ರು. ಆದ್ರೆ ಔಟ್ ಔಟೇ.

ನಿಯಮ ಏನ್ ಹೇಳುತ್ತೆ? ಬಾಲ್ ಕೀಪರ್ ಕೈಯಲ್ಲಿ ಪೂರ್ತಿ ನಿಂತ ಮೇಲೆ ಡೆಡ್ ಬಾಲ್. ನಿಂತಿದೆಯೋ ಇಲ್ಲವೋ ಅನ್ನೋದು ಅಂಪೈರ್ ತೀರ್ಮಾನ, ಬ್ಯಾಟ್ಸ್‌ಮನ್‌ದಲ್ಲ. ಹಿಡಿದ ಉಸಿರಲ್ಲೇ ಎಸೆದರೆ ಆಟ ಇನ್ನೂ ನಡೀತಿದೆ ಅಂತಲೇ ಅರ್ಥ. ಅದೇ ನಾನು ಬಾಲ್ ಹಿಡ್ಕೊಂಡು ಸುಮ್ಮನೆ ನಿಂತು, ಅವನು ಹೊರಗೆ ಹೋಗ್ಲಿ ಅಂತ ಕಾದು ಎಸೆದಿದ್ದರೆ ಅದು ಮೋಸ, ಒಪ್ಕೋತೀನಿ. ವ್ಯತ್ಯಾಸ ಇರೋದು ಆ ಒಂದು ಉಸಿರಲ್ಲಿ.

"2011ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಧೋನಿ ಇಯಾನ್ ಬೆಲ್‌ನ ವಾಪಸ್ ಕರೆಸಿದ್ನಲ್ಲ?" ಅಂತ ಒಬ್ಬ ಗೆಳೆಯ ಕೇಳಿದ. ನಿಜ. ಬಾಲ್ ಬೌಂಡರಿ ದಾಟಿದೆ, ಟೀ ಬ್ರೇಕ್ ಆಯ್ತು ಅಂದ್ಕೊಂಡು ನಡೆದಿದ್ದ ಬೆಲ್. ಧೋನಿ ಕರೆದದ್ದು ಅವನ ದೊಡ್ಡತನ. ಆದ್ರೆ ದೊಡ್ಡತನ ತಾನಾಗೇ ಕೊಡೋದು, ಎದುರಾಳಿ ಬೈದು ವಸೂಲಿ ಮಾಡೋದಲ್ಲ.

ಅದೇ ಧೋನಿ 2016ರ ಮಾರ್ಚ್ 23ರಂದು ನಮ್ಮ ಬೆಂಗಳೂರಲ್ಲಿ ಏನ್ ಮಾಡಿದ? ಕೊನೇ ಬಾಲಿಗೆ ಬಾಂಗ್ಲಾದೇಶಕ್ಕೆ 2 ರನ್ ಬೇಕು. ಮೊದಲೇ ಬಲಗೈ ಗ್ಲೌಸ್ ತೆಗೆದಿಟ್ಟಿದ್ದ. ಬ್ಯಾಟ್ಸ್‌ಮನ್‌ಗೆ ಬಾಲ್ ಸಿಗಲಿಲ್ಲ, ಧೋನಿ ಬಾಲ್ ಹಿಡಿದು ಓಡಿ ಬಂದು ಮುಸ್ತಾಫಿಜುರ್‌ನ ರನೌಟ್ ಮಾಡಿದ. ಒಂದು ರನ್ನಿಂದ ಗೆದ್ವಿ. ಅವತ್ತು ಚಪ್ಪಾಳೆ ಹೊಡೆದವರೇ ಭಾನುವಾರ ನನಗೆ ಬೈದಿದ್ದು. ಎರಡೂ ಕಡೆ ಕೀಪರ್ ಮಾಡಿದ್ದು ಒಂದೇ ಕೆಲಸ, ಎಚ್ಚರವಾಗಿರೋದು.

ಬೇಸ್‌ಬಾಲ್‌ನಲ್ಲಿ ಇದಕ್ಕೆ ಪಿಕ್ ಆಫ್ ಅಂತ ಹೆಸರೇ ಇದೆ. ರನ್ನರ್ ಮುಂದಿನ ಬೇಸ್ ಕಡೆ ಓಡೋ ಆಸೆಗೆ ಒಂದೆರಡು ಹೆಜ್ಜೆ ಹೆಚ್ಚು ಹೊರಗೆ ನಿಂತಿರ್ತಾನೆ. ಕ್ಯಾಚರ್ ಬಾಲ್ ಹಿಡಿದವನೇ ಆ ಬೇಸಿಗೆ ಎಸೀತಾನೆ. ಅಲ್ಲಿರೋನು ಹಿಡಿದು, ರನ್ನರ್ ವಾಪಸ್ ಬರೋದ್ರೊಳಗೆ ಮುಟ್ಟಿದರೆ ಔಟ್. ಅಲ್ಲಿ ಕ್ಯಾಚರ್‌ಗೆ ಯಾರೂ ಕಳ್ಳ ಅನ್ನಲ್ಲ, ಮೈಮರೆತ ರನ್ನರ್‌ಗೆ ಬೈತಾರೆ.

ನಮ್ಮಲ್ಲಿ ಮಾತ್ರ ಕೀಪಿಂಗ್ ಅಂದ್ರೆ ಓಡೋಕಾಗದವನಿಗೆ ಕೊಡೋ ಕೆಲಸ. ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ 88 ಟೆಸ್ಟ್‌ಗಳಲ್ಲಿ 38 ಸ್ಟಂಪಿಂಗ್ ಮಾಡಿದ್ದಾರೆ. ಪ್ರತಿ ಬಾಲಿಗೂ ಕೂತು ಎದ್ದು, ಬ್ಯಾಟ್ಸ್‌ಮನ್ ಕಾಲು ನೋಡ್ತಾ ಇದ್ದರೇ ಅದು ಬರೋದು.

ನಮ್ಮ ತೋಟಕ್ಕೆ ಕಾಯಿ ಕೆಡವೋಕೆ ಬರೋ ಅಣ್ಣ ಗೊನೆ ಬಿತ್ತು ಅಂತ ಮರದ ಮೇಲೆ ಕೈ ಬಿಡಲ್ಲ. ಕಾಲು ನೆಲ ಮುಟ್ಟೋ ತನಕ ಕೆಲಸ ಮುಗೀಲಿಲ್ಲ ಅಂತ ಅವನಿಗೆ ಗೊತ್ತು. ಬ್ಯಾಟ್ಸ್‌ಮನ್‌ಗೂ ಅಷ್ಟೇ ಗೊತ್ತಿದ್ದರೆ ಸಾಕು.

ಗ್ಲೌಸ್ ಎತ್ಕೊಂಡು ಬಂದಿದೀನಿ. ಮುಂದಿನ ಭಾನುವಾರ ಚಿಕ್ಕನಾಯಕನಹಳ್ಳಿಲಿ ಮ್ಯಾಚಿದೆ. ಈ ಸಲ ಟಾಸಿಗೆ ಮುಂಚೆನೇ ಎರಡೂ ಕ್ಯಾಪ್ಟನ್‌ಗಳಿಗೆ ಹೇಳ್ತೀನಿ: ಕ್ರೀಸು ಬಿಟ್ಟರೆ ಎಸೀತೀನಿ.

ನೀವು ಅಂಪೈರ್ ಆಗಿದ್ರೆ ಏನ್ ಕೊಡ್ತಿದ್ರಿ? ಕೆಳಗೆ ಹೇಳಿ.

#ಕೀಪರ್_ಮಾತು #ತಿಪಟೂರು #ತೋಟದ_ಕ್ರಿಕೆಟ್